ಗಾಮಾ ಪೈಲ್ವಾನರ ಮನೆ

2023ರಲ್ಲಿ ದಿ ಐರನ್ ಕ್ಲಾ ಎಂಬ ಅಮೆರಿಕದ ಸಿನಿಮಾ ಬಿಡುಗಡೆಯಾಯಿತು. ಹೆಸರಿನ ಅರ್ಥ ಕಬ್ಬಿಣದ ಪಂಜ. ಟೆಕ್ಸಾಸ್ ರಾಜ್ಯದ ಒಂದು ಕುಸ್ತಿ ಮನೆತನದಲ್ಲಿ ನಿಜವಾಗಿ ನಡೆದ ಕಥೆ ಅದು. ಅವರದು ನಮ್ಮ ಮಣ್ಣಿನ ಕುಸ್ತಿಯಲ್ಲ, ಟಿವಿಯಲ್ಲಿ ನಾವು ನೋಡುವ ಡಬ್ಲ್ಯುಡಬ್ಲ್ಯುಇ ಥರದ ಕುಸ್ತಿ. ತಂದೆಯ ಹೆಸರು ಫ್ರಿಟ್ಜ್ ವಾನ್ ಎರಿಕ್. ಎದುರಾಳಿಯ ಹಣೆಯನ್ನು ಒಂದೇ ಕೈಯಲ್ಲಿ ಹಿಡಿದು ಅದುಮುವುದು ಅವರ ಪಟ್ಟು. ಆ ಪಟ್ಟಿನ ಹೆಸರನ್ನೇ ಸಿನಿಮಾಕ್ಕೂ ಇಟ್ಟಿದ್ದಾರೆ.

ಅವರಿಗೆ ಆರು ಜನ ಗಂಡುಮಕ್ಕಳು. ದೊಡ್ಡವನು 1959ರಲ್ಲಿ, ಆರು ವರ್ಷದವನಿದ್ದಾಗಲೇ ಅಪಘಾತದಲ್ಲಿ ತೀರಿಕೊಂಡ. ಉಳಿದ ಐವರೂ ತಂದೆಯ ಹಾಗೆ ಕುಸ್ತಿಗೆ ಇಳಿದರು. ತಂದೆಗೆ ಸಿಗದೇ ಹೋದ ವಿಶ್ವ ಚಾಂಪಿಯನ್ ಬೆಲ್ಟ್ ಮಕ್ಕಳಿಗಾದರೂ ಸಿಗಬೇಕು ಎಂಬುದು ಆ ಮನೆಯ ಹಟ. 1984ರಲ್ಲಿ ಡೇವಿಡ್ ಎಂಬ ಮಗ ಜಪಾನಿನಲ್ಲಿ 25ನೇ ವಯಸ್ಸಿಗೆ ತೀರಿಕೊಂಡರು. ಮೂರು ತಿಂಗಳಿಗೆ ಅವರ ತಮ್ಮ ಕೆರ್ರಿ ಆ ಬೆಲ್ಟ್ ಗೆದ್ದರು. ಅದು ಅವರ ಬಳಿ ಒಂದು ತಿಂಗಳೂ ಉಳಿಯಲಿಲ್ಲ. ಆಮೇಲೆ 1987ರಲ್ಲಿ ಮೈಕ್, 1991ರಲ್ಲಿ ಕ್ರಿಸ್, 1993ರಲ್ಲಿ ಕೆರ್ರಿ, ಮೂವರೂ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1997ರಲ್ಲಿ ತಂದೆ ತೀರಿಕೊಂಡಾಗ ಆರು ಮಕ್ಕಳಲ್ಲಿ ಉಳಿದಿದ್ದವರು ಕೆವಿನ್ ಒಬ್ಬರೇ. ಸಿನಿಮಾದಲ್ಲಿ ಕ್ರಿಸ್ ಅವರ ಪಾತ್ರವನ್ನೇ ಬಿಟ್ಟಿದ್ದಾರೆ. ಅಷ್ಟು ಸಾವುಗಳನ್ನು ಒಂದೇ ಸಿನಿಮಾದಲ್ಲಿ ಜನ ನೋಡಲಾರರು ಎಂದು ಹಾಗೆ ಮಾಡಿದರಂತೆ.

ಈ ಕಥೆಯನ್ನು ನಾನು ನಮ್ಮ ದಾದಿಮಾಗೆ, ಅಂದರೆ ಅಜ್ಜಿಗೆ, ಉರ್ದುವಿನಲ್ಲಿ ಹೇಳಿದೆ. ಅವರು ಅಮೆರಿಕದವರ ಬಗ್ಗೆ ಏನೂ ಕೇಳಲಿಲ್ಲ. ಗಾಮಾ ಪೈಲ್ವಾನರಿಗೂ ಗಂಡುಮಕ್ಕಳು ಉಳಿಯಲಿಲ್ಲ ಎಂದಷ್ಟೇ ಹೇಳಿದರು. ನಮ್ಮ ಮನೆಯಲ್ಲಿ ಗಾಮಾ ಹೆಸರು ದಿನವೂ ಬರುತ್ತದೆ. ಅಣ್ಣ ಗ್ಯಾಸ್ ಸಿಲಿಂಡರ್ ಎತ್ತಿದರೆ ಗಾಮಾ, ಚಿಕ್ಕಪ್ಪನ ಮಗ ಊಟಕ್ಕೆ ಎರಡು ರೊಟ್ಟಿ ಹೆಚ್ಚು ತಿಂದರೆ ಗಾಮಾ. ಆದರೆ ಅವರು ಯಾರು, ಎಲ್ಲಿಯವರು, ಅವರ ಮನೆಯಲ್ಲಿ ಏನಾಯಿತು ಎಂಬುದು ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದೆ. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ಕುಸ್ತಿಯ ವಿಷಯ ಹುಡುಗಿಯರಿಗೆ ಏಕೆ ಎಂದು ನಮ್ಮ ತರಗತಿಯ ಕೆಲವರು ಈಗಾಗಲೇ ಕೇಳಿದ್ದಾರೆ. ಅವರು ದಯವಿಟ್ಟು ಕೊನೆಯವರೆಗೂ ಓದಬೇಕು.

ಹತ್ತು ವರ್ಷದ ಬಾಲಕ

ಗಾಮಾ ಅವರ ಪೂರ್ಣ ಹೆಸರು ಗುಲಾಮ್ ಮುಹಮ್ಮದ್ ಬಕ್ಷ್. 1878ರಲ್ಲಿ ಹುಟ್ಟಿದರು. ಅವರ ಹಿರಿಯರು ಕಾಶ್ಮೀರದಿಂದ ಪಂಜಾಬಿಗೆ ಬಂದು ಅಮೃತಸರದ ಕಡೆ ನೆಲೆಸಿದವರು. ಕುಸ್ತಿಯೇ ಆ ಮನೆಯ ಕಸುಬು. ತಂದೆ ಅಝೀಝ್ ಬಕ್ಷ್ ಕೂಡ ಹೆಸರಾಂತ ಪೈಲ್ವಾನರು. ಮಗನಿಗೆ ಇನ್ನೂ ಬುದ್ಧಿ ಬಲಿಯುವ ಮೊದಲೇ ಅವರು ತೀರಿಕೊಂಡರು. ಆಮೇಲೆ ತಾಯಿಯ ತಂದೆ ನೂನ್ ಪೈಲ್ವಾನರು ಹುಡುಗನನ್ನು ಸಾಕಿದರು. ಅವರೂ ಹೋದ ಮೇಲೆ ಈದಾ ಪೈಲ್ವಾನರೆಂಬ ಮಾಮು, ಅಂದರೆ ಸೋದರಮಾವ, ಕೈ ಹಿಡಿದರು. ಇಮಾಮ್ ಬಕ್ಷ್ ಎಂಬ ತಮ್ಮನೂ ಇದ್ದ. ತಂದೆಯಿಲ್ಲದ ಈ ಇಬ್ಬರು ಮಕ್ಕಳನ್ನು ಪೈಲ್ವಾನರನ್ನಾಗಿ ಮಾಡುವುದು ಆ ಮನೆಯ ಹಿರಿಯರ ಹೊಣೆಯಾಯಿತು.

1888ರಲ್ಲಿ ಜೋಧಪುರದ ಮಹಾರಾಜರು ಒಂದು ಸ್ಪರ್ಧೆ ಇಟ್ಟರು. ಕುಸ್ತಿಯಲ್ಲ, ಬೈಠಕ್ ಹೊಡೆಯುವ ಸ್ಪರ್ಧೆ. ಕನ್ನಡದಲ್ಲಿ ಬಸ್ಕಿ ಎನ್ನುತ್ತೇವಲ್ಲ, ಅದೇ. ದೇಶದ ಬೇರೆ ಬೇರೆ ಕಡೆಗಳಿಂದ ನೂರಾರು ಪೈಲ್ವಾನರು ಬಂದಿದ್ದರು. ಒಬ್ಬೊಬ್ಬರಾಗಿ ಸುಸ್ತಾಗಿ ಹೊರಬಿದ್ದರು. ಕೊನೆಗೆ ಹದಿನೈದು ಜನ ಉಳಿದರು. ಅವರಲ್ಲಿ ಒಬ್ಬ ಹತ್ತು ವರ್ಷದ ಹುಡುಗ. ಮಹಾರಾಜರು ಸ್ಪರ್ಧೆ ನಿಲ್ಲಿಸಿ, ವಯಸ್ಸು ನೋಡಿ, ಆ ಹುಡುಗನೇ ಗೆದ್ದನೆಂದು ಸಾರಿದರು. ಎಷ್ಟು ಬೈಠಕ್ ಹೊಡೆದೆ ಎಂದು ಕೇಳಿದರೆ ಹುಡುಗನಿಗೆ ಲೆಕ್ಕವೇ ನೆನಪಿರಲಿಲ್ಲವಂತೆ. ಆ ಮೇಲೆ ಒಂದು ವಾರ ಹಾಸಿಗೆ ಬಿಟ್ಟು ಏಳಲಾಗಲಿಲ್ಲ ಎಂದೂ ಹೇಳುತ್ತಾರೆ. ಈ ಕಥೆ ಹೇಳುವವರು ಗೆದ್ದಿದ್ದನ್ನು ಉತ್ಸಾಹದಿಂದ ಹೇಳುತ್ತಾರೆ. ನನ್ನ ಮನಸ್ಸು ಮಾತ್ರ ಹಾಸಿಗೆ ಹಿಡಿದ ಆ ಒಂದು ವಾರದ ಮೇಲೇ ನಿಂತಿತು. ಹತ್ತು ವರ್ಷದವನೆಂದರೆ ನಮ್ಮ ಲೆಕ್ಕದಲ್ಲಿ ಐದನೇ ತರಗತಿಯ ಹುಡುಗ.

ಈ ಗೆಲುವಿನ ನಂತರ ಬುಂದೇಲಖಂಡದ ದತಿಯಾ ಸಂಸ್ಥಾನದ ಮಹಾರಾಜರು ಅವನ ತಾಲೀಮಿನ ಖರ್ಚು ವಹಿಸಿಕೊಂಡರು. ಆಗ ರಾಜರು ಅರಮನೆಯಲ್ಲಿ ಗಾಯಕರನ್ನು ಇಟ್ಟುಕೊಂಡ ಹಾಗೆ ಪೈಲ್ವಾನರನ್ನೂ ಇಟ್ಟುಕೊಳ್ಳುತ್ತಿದ್ದರು. ನಮ್ಮ ಮೈಸೂರಿನ ದಸರಾ ಕುಸ್ತಿಯೂ ಅರಮನೆಯ ಆಶ್ರಯದಲ್ಲೇ ಬೆಳೆದದ್ದು. ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿ, ಮಾಂಸದ ಸಾರು ಎಲ್ಲವೂ ರಾಜರ ಖರ್ಚಿನಲ್ಲೇ ಬರುತ್ತಿತ್ತು. ಗಾಮಾ ಅವರು ಬೆಳೆದ ಮೇಲೆ ದಿನಕ್ಕೆ ಮೂರು ಸಾವಿರ ದಂಡ, ಐದು ಸಾವಿರ ಬೈಠಕ್ ಹೊಡೆಯುತ್ತಿದ್ದರೆಂದು ಹೇಳುತ್ತಾರೆ. ಬಡೋದಾದ ವಸ್ತುಸಂಗ್ರಹಾಲಯದಲ್ಲಿ ಒಂದು ದೊಡ್ಡ ಕಲ್ಲಿದೆ. 1902ರಲ್ಲಿ ಗಾಮಾ ಅದನ್ನು ಎತ್ತಿದರು ಎಂಬ ಮಾತಿದೆ. ಕಲ್ಲಿನ ತೂಕ 1200 ಕೆ.ಜಿ. ಎನ್ನುತ್ತಾರೆ. ಇದನ್ನು ಓದಿದ ನಮ್ಮ ಅಣ್ಣ ಸಾಧ್ಯವೇ ಇಲ್ಲ ಎಂದ. ದಾದಿಮಾ ಸಾಧ್ಯ ಎಂದರು. ಆ ವಾದ ಇನ್ನೂ ಮುಗಿದಿಲ್ಲ.

ಏಳು ಅಡಿಯ ರಹೀಮ್

ಆ ಕಾಲದಲ್ಲಿ ಹಿಂದೂಸ್ತಾನದ ದೊಡ್ಡ ಪೈಲ್ವಾನರೆಂದರೆ ಗುಜ್ರಾನ್‌ವಾಲಾದ ರಹೀಮ್ ಬಕ್ಷ್ ಸುಲ್ತಾನಿವಾಲಾ. ಹೆಚ್ಚುಕಡಿಮೆ ಏಳು ಅಡಿ ಎತ್ತರದ ಮನುಷ್ಯ. ಗಾಮಾ ಅವರ ಎತ್ತರ ಐದು ಅಡಿ ಏಳು ಅಂಗುಲದ ಆಸುಪಾಸು, ಅಂದರೆ ನಮ್ಮ ತರಗತಿಯ ಹಿಂದಿನ ಬೆಂಚಿನ ಹುಡುಗರಷ್ಟೇ. 1895ರಲ್ಲಿ ಹದಿನೇಳು ವರ್ಷದ ಗಾಮಾ ಅವರಿಗೆ ಸವಾಲು ಹಾಕಿದರು. ರಹೀಮ್ ಅವರಿಗೆ ವಯಸ್ಸಾಗುತ್ತಾ ಬಂದಿತ್ತು, ಆದರೂ ಹುಡುಗ ಕೆಲವು ನಿಮಿಷ ನಿಲ್ಲುವುದೂ ಕಷ್ಟ ಎಂದೇ ಜನ ಎಣಿಸಿದ್ದರು. ಕುಸ್ತಿ ಗಂಟೆಗಟ್ಟಲೆ ನಡೆಯಿತು. ಗಾಮಾ ಅವರ ಮೂಗು, ಕಿವಿಗಳಿಂದ ರಕ್ತ ಸುರಿಯಿತು. ಕೊನೆಗೆ ಸಮ ಎಂದು ಬಿಡಿಸಿದರು. ಸೋಲಲಿಲ್ಲ ಎಂಬ ಒಂದೇ ಕಾರಣಕ್ಕೆ ಆ ದಿನದಿಂದ ಗಾಮಾ ಹೆಸರು ದೇಶಕ್ಕೆಲ್ಲ ಹರಡಿತು.

ಮುಂದಿನ ಹದಿನೈದು ವರ್ಷಗಳಲ್ಲಿ ದೇಶದ ಹೆಸರಾಂತ ಪೈಲ್ವಾನರನ್ನೆಲ್ಲ ಅವರು ಚಿತ್ ಮಾಡಿದರು. ರಹೀಮ್ ಒಬ್ಬರನ್ನು ಮಾತ್ರ ಚಿತ್ ಮಾಡಲಾಗಿರಲಿಲ್ಲ. ಅಷ್ಟರಲ್ಲಿ ವಿಲಾಯತಿಯ ದಾರಿ ತೆರೆಯಿತು.

ಲಂಡನ್, 1910

1910ರಲ್ಲಿ ಗಾಮಾ ಅವರು ತಮ್ಮ ಇಮಾಮ್ ಬಕ್ಷ್ ಜೊತೆ ಲಂಡನ್ನಿಗೆ ಹಡಗಿನಲ್ಲಿ ಹೋದರು. ಹಣ ಒದಗಿಸಿದವರು ಶರತ್ ಕುಮಾರ್ ಮಿತ್ರ ಎಂಬ ಬಂಗಾಳದ ಶ್ರೀಮಂತರು. ಅಲ್ಲಿನ ದೊಡ್ಡ ಪಂದ್ಯಾವಳಿಯಲ್ಲಿ ಗಾಮಾ ಅವರ ಹೆಸರು ಸೇರಿಸಿಕೊಳ್ಳಲಿಲ್ಲ. ಎತ್ತರ ಸಾಲದು ಎಂಬುದು ಕಾರಣ. ಗಾಮಾ ಅವರು ಊರಿಗೆ ಹಿಂತಿರುಗಲಿಲ್ಲ. ಯಾವ ತೂಕದವರಾದರೂ ಸರಿ, ಮೂವರನ್ನು ಅರ್ಧ ಗಂಟೆಯಲ್ಲಿ ಕೆಡವುತ್ತೇನೆ ಎಂದು ಬಹಿರಂಗ ಸವಾಲು ಹಾಕಿದರು. ಇದು ಜಾಹೀರಾತಿನ ಮಾತು ಎಂದುಕೊಂಡು ಮೊದಲಿಗೆ ಯಾರೂ ಬರಲಿಲ್ಲ. ಕೊನೆಗೆ ಅಮೆರಿಕದ ಬೆಂಜಮಿನ್ ರೋಲರ್ ಎಂಬ ವೈದ್ಯ ಪೈಲ್ವಾನರು ಒಪ್ಪಿದರು. ಗಾಮಾ ಅವರು ಮೊದಲ ಸಲ ಎರಡು ನಿಮಿಷದೊಳಗೆ, ಎರಡನೇ ಸಲ ಹತ್ತು ನಿಮಿಷದೊಳಗೆ ಅವರನ್ನು ಕೆಡವಿದರು. ಆಮೇಲೆ ಬಾಗಿಲು ತೆರೆಯಿತು.

ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಬಿಸ್ಕೋ ಜೊತೆ ಅಂತಿಮ ಕುಸ್ತಿ. ಬಿಸ್ಕೋ ಆಗ ಜಗತ್ತಿನ ದೊಡ್ಡ ಪೈಲ್ವಾನರಲ್ಲೊಬ್ಬರು, ತೂಕದಲ್ಲಿ ಗಾಮಾ ಅವರಿಗಿಂತ ಬಹಳ ಹೆಚ್ಚು. ಕುಸ್ತಿ ಶುರುವಾದ ಸ್ವಲ್ಪ ಹೊತ್ತಿಗೇ ಗಾಮಾ ಅವರು ಅವರನ್ನು ಕೆಳಕ್ಕೆ ತಂದರು. ಬಿಸ್ಕೋ ಹೊಟ್ಟೆಯ ಮೇಲೆ ಅಂಗಾತ ತಿರುಗದ ಹಾಗೆ ಚಾಪೆಗೆ ಅಂಟಿಕೊಂಡು ಮಲಗಿಬಿಟ್ಟರು. ಎರಡೂವರೆ ಗಂಟೆಗೂ ಹೆಚ್ಚು ಕಾಲ ಹೀಗೇ ನಡೆಯಿತು. ಕತ್ತಲಾದಾಗ ಸಮ ಎಂದು ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ಆಡುವುದೆಂದು ತೀರ್ಮಾನವಾಯಿತು. ಸೆಪ್ಟೆಂಬರ್ 17ರಂದು ಗಾಮಾ ಅವರು ಬಂದರು, ಬಿಸ್ಕೋ ಬರಲಿಲ್ಲ. ಜಾನ್ ಬುಲ್ ಬೆಲ್ಟ್ ಮತ್ತು 250 ಪೌಂಡ್ ಬಹುಮಾನ ಗಾಮಾ ಅವರಿಗೆ ಸಿಕ್ಕಿತು. ತಮ್ಮ ಇಮಾಮ್ ಬಕ್ಷ್ ಕೂಡ ಅದೇ ಪ್ರವಾಸದಲ್ಲಿ ಸ್ವಿಟ್ಜರ್ಲೆಂಡಿನ ಜಾನ್ ಲೆಮ್ ಅವರನ್ನು ಸೋಲಿಸಿದರು.

1910 ಎಂದರೆ ನಮ್ಮನ್ನು ಬ್ರಿಟಿಷರು ಆಳುತ್ತಿದ್ದ ಕಾಲ. ಎತ್ತರ ಸಾಲದೆಂದು ಹೊರಗೆ ನಿಲ್ಲಿಸಿದ್ದ ಒಬ್ಬ ಹಿಂದೂಸ್ತಾನಿ ಅವರ ರಾಜಧಾನಿಯಲ್ಲೇ ಬೆಲ್ಟ್ ಕಟ್ಟಿಕೊಂಡು ಬಂದ ಸುದ್ದಿ ಇಲ್ಲಿ ಎಷ್ಟು ಜನರ ತಲೆ ಎತ್ತಿಸಿರಬಹುದು ಎಂದು ಊಹಿಸಬಹುದು.

ಊರಿಗೆ ಮರಳಿದ ಮೇಲೆ ಅಲಹಾಬಾದಿನಲ್ಲಿ ರಹೀಮ್ ಬಕ್ಷ್ ಜೊತೆ ಕೊನೆಯ ಕುಸ್ತಿ ನಡೆಯಿತು. ಈ ಸಲ ಗೆಲುವು ಗಾಮಾ ಅವರದು. ರುಸ್ತಮ್-ಎ-ಹಿಂದ್ ಎಂಬ ಬಿರುದು ಬಂತು. ಮುಂದೆ ಅವರು ಪಟಿಯಾಲಾ ಮಹಾರಾಜರ ಆಶ್ರಯಕ್ಕೆ ಹೋದರು. 1928ರ ಜನವರಿಯಲ್ಲಿ ಮಹಾರಾಜರು ಬಿಸ್ಕೋ ಅವರನ್ನು ಪಟಿಯಾಲಾಕ್ಕೇ ಕರೆಸಿದರು. ಹದಿನೇಳು ವರ್ಷದ ಹಿಂದೆ ಉಳಿದುಹೋದ ಲೆಕ್ಕ ಅದು. ಗಾಮಾ ಅವರಿಗೆ ಆಗ ಐವತ್ತರ ಹತ್ತಿರ ವಯಸ್ಸು, ಬಿಸ್ಕೋ ಅವರಿಗೂ ಹೆಚ್ಚುಕಡಿಮೆ ಅಷ್ಟೇ. ಸಾವಿರಾರು ಜನ ದೂರದೂರದಿಂದ ಬಂದು ಕೂತಿದ್ದರು. ಒಂದು ನಿಮಿಷ ತುಂಬುವ ಮೊದಲೇ ಬಿಸ್ಕೋ ಅಂಗಾತ ಬಿದ್ದಿದ್ದರು. ಲಂಡನ್ನಿನಲ್ಲಿ ಎರಡೂವರೆ ಗಂಟೆ ಹಿಡಿದು ಮುಗಿಯದ ಕುಸ್ತಿ ಪಟಿಯಾಲಾದಲ್ಲಿ ಹೀಗೆ ಮುಗಿಯಿತು.

ರುಸ್ತಮ್ ಎಂಬ ಹೆಸರು

ಪೈಲ್ವಾನ್, ವಸ್ತಾದ್, ತಾಲೀಮು, ಕುಸ್ತಿ. ಇವೆಲ್ಲ ನಾವು ಕನ್ನಡದ ಮಾತೆಂದೇ ತಿಳಿದಿದ್ದೇವೆ. ಇವು ಪಾರಸಿ ಮತ್ತು ಅರಬ್ಬಿಯಿಂದ ಬಂದ ಮಾತುಗಳು. ಪಹಲ್ವಾನ್ ನಮ್ಮ ಬಾಯಲ್ಲಿ ಪೈಲ್ವಾನ್ ಆಯಿತು, ಉಸ್ತಾದ್ ವಸ್ತಾದ್ ಆಯಿತು. ತಾಲೀಮ್ ಎಂದರೆ ಮೂಲದಲ್ಲಿ ವಿದ್ಯೆ. ಹಾಗೆಯೇ ರುಸ್ತಮ್ ಎನ್ನುವುದೂ ಇರಾನಿನಿಂದ ಬಂದ ಹೆಸರು. ಫಿರ್ದೌಸಿ ಕವಿಯ ಶಾಹನಾಮಾದ ದೊಡ್ಡ ವೀರ ಅವನು. ಅದಕ್ಕೇ ದೊಡ್ಡ ಪೈಲ್ವಾನರಿಗೆ ರುಸ್ತಮ್ ಎಂದು ಬಿರುದು ಕೊಡುತ್ತಾರೆ.

ಆದರೆ ರುಸ್ತಮನ ಕಥೆ ಬರೀ ಗೆಲುವಿನ ಕಥೆಯಲ್ಲ. ಚಿಕ್ಕಂದಿನಲ್ಲಿ ದಾದಿಮಾ ನಮಗೆ ಅದನ್ನು ಹೇಳುತ್ತಿದ್ದರು. ರುಸ್ತಮನಿಗೆ ಸೊಹ್ರಾಬ್ ಎಂಬ ಮಗ. ತಂದೆ ಮಗನನ್ನು ನೋಡಿಯೇ ಇರಲಿಲ್ಲ. ಇಬ್ಬರೂ ಎದುರುಬದುರು ಸೈನ್ಯಗಳಲ್ಲಿ ನಿಂತು ಕುಸ್ತಿಗೆ ಇಳಿಯುತ್ತಾರೆ. ಯಾರ ಜೊತೆ ಹೋರಾಡುತ್ತಿದ್ದೇನೆಂದು ತಿಳಿಯದೆ ರುಸ್ತಮ್ ತನ್ನ ಮಗನನ್ನೇ ಇರಿಯುತ್ತಾನೆ. ಪ್ರಾಣ ಹೋಗುವ ಹೊತ್ತಿಗೆ ಮಗನ ತೋಳಿನಲ್ಲಿ ತಾನು ಕೊಟ್ಟ ಗುರುತು ಕಾಣುತ್ತದೆ. ಜಗತ್ತನ್ನೇ ಗೆದ್ದವನು ಮಗನನ್ನು ಉಳಿಸಿಕೊಳ್ಳಲಾಗದೆ ನೆಲಕ್ಕೆ ಬಿದ್ದು ಅಳುತ್ತಾನೆ.

ಗಾಮಾ ಅವರ ಮನೆಯ ವಿಷಯ ಓದಿದಾಗ ನನಗೆ ಈ ಕಥೆ ನೆನಪಾಯಿತು. ಅವರಿಗೆ ಐವರು ಗಂಡುಮಕ್ಕಳು, ನಾಲ್ವರು ಹೆಣ್ಣುಮಕ್ಕಳು. ಐವರು ಗಂಡುಮಕ್ಕಳಲ್ಲಿ ಒಬ್ಬರೂ ಬಾಳಿ ಬದುಕಲಿಲ್ಲ. ಎಲ್ಲರೂ ಸಣ್ಣ ವಯಸ್ಸಿನಲ್ಲೇ ಹೋದರು. ಕೊನೆಯ ಮಗ ಜಲಾಲುದ್ದೀನ್ 1945ರಲ್ಲಿ ತೀರಿಕೊಂಡ. ಅವನಿಗೆ ಹದಿಮೂರು ವರ್ಷ. ಆ ಆಘಾತಕ್ಕೆ ಗಾಮಾ ಅವರಿಗೆ ಕೆಲವು ದಿನ ಮಾತೇ ಹೊರಡಲಿಲ್ಲ ಎಂದು ಬರೆದಿದ್ದಾರೆ. ಐವತ್ತು ವರ್ಷ ಯಾವ ಪೈಲ್ವಾನನೂ ಅವರ ಬೆನ್ನನ್ನು ನೆಲಕ್ಕೆ ಮುಟ್ಟಿಸಿರಲಿಲ್ಲ. ಅಂಥವರ ಬಾಯಿ ಕಟ್ಟಿಹೋಯಿತು. ಅವರ ಜೀವನದ ಬಗ್ಗೆ ನಾನು ಓದಿದ ಬರಹಗಳಲ್ಲಿ ಕಲ್ಲು ಎತ್ತಿದ್ದಕ್ಕೆ ಒಂದು ಪುಟ ಇದ್ದರೆ, ಇದಕ್ಕೆ ಎರಡು ಸಾಲು ಇದೆ.

ಲಾಹೋರಿನ ಗಲ್ಲಿ

ಮಗ ಹೋದ ಎರಡು ವರ್ಷಕ್ಕೆ ದೇಶ ಎರಡಾಯಿತು. 1947ರಲ್ಲಿ ಗಾಮಾ ಅವರು ಲಾಹೋರಿನ ಮೋಹನಿ ರಸ್ತೆಯಲ್ಲಿದ್ದರು. ಅಕ್ಕಪಕ್ಕದಲ್ಲಿ ಹಿಂದೂ ಕುಟುಂಬಗಳು ಬಹಳ ಇದ್ದವು. ಪಂಜಾಬಿನ ಎರಡೂ ಕಡೆ ಆಗ ಏನು ನಡೆಯಿತು ಎಂಬುದು ಎಲ್ಲರಿಗೂ ಗೊತ್ತು. ಅಮೃತಸರದಲ್ಲಿ ಮುಸ್ಲಿಮರ ಮೇಲೆ, ಲಾಹೋರಿನಲ್ಲಿ ಹಿಂದೂ ಸಿಖ್ಖರ ಮೇಲೆ ಗುಂಪುಗಳು ಬಿದ್ದವು. ಗಾಮಾ ಅವರ ಗಲ್ಲಿಗೂ ಗುಂಪು ಬಂತು. ಸುಮಾರು ಎಪ್ಪತ್ತು ವರ್ಷದ ಗಾಮಾ ಅವರು ತಮ್ಮ ಮನೆಯ ಹುಡುಗರನ್ನು ಕರೆದುಕೊಂಡು ಗಲ್ಲಿಯ ಬಾಯಲ್ಲಿ ನಿಂತರು. ಈ ಗಲ್ಲಿಯವರೆಲ್ಲ ನನ್ನ ಅಣ್ಣತಮ್ಮಂದಿರು, ಯಾರನ್ನೂ ಮುಟ್ಟಗೊಡುವುದಿಲ್ಲ ಎಂದರು. ಮುಂದೆ ಬಂದವನಿಗೆ ಒಂದೇ ಏಟು ಕೊಟ್ಟರಂತೆ, ಗುಂಪು ಚದುರಿತಂತೆ. ಉಳಿಯುವುದು ಸಾಧ್ಯವಿಲ್ಲ ಎಂದಾದಾಗ ಆ ಕುಟುಂಬಗಳನ್ನು ತಾವೇ ಗಡಿಯವರೆಗೆ ತಲುಪಿಸಿ, ಒಂದು ವಾರದ ದಿನಸಿಯನ್ನೂ ಕೊಟ್ಟು ಕಳುಹಿಸಿದರು ಎಂದು ಅವರ ಮನೆತನದವರು ಇಂದಿಗೂ ಹೇಳುತ್ತಾರೆ.

ಇಲ್ಲಿ ಬೆಲ್ಟ್ ಇರಲಿಲ್ಲ, ಪೌಂಡ್ ಇರಲಿಲ್ಲ, ಮಹಾರಾಜರು ನೋಡುತ್ತಿರಲಿಲ್ಲ. ಹತ್ತು ವರ್ಷದಿಂದ ಎಪ್ಪತ್ತರವರೆಗೆ ಹೊಡೆದ ದಂಡ ಬೈಠಕ್‌ಗಳೆಲ್ಲ ಈ ಒಂದು ದಿನಕ್ಕಾಗಿಯೇ ಇದ್ದವೇನೋ ಎಂದು ನನಗೆ ಅನಿಸುತ್ತದೆ. ಮಕ್ಕಳನ್ನೆಲ್ಲ ಕಳೆದುಕೊಂಡ ತಂದೆ ಬೇರೆಯವರ ಮಕ್ಕಳ ಬಾಗಿಲಲ್ಲಿ ನಿಂತರು. ಪಟಿಯಾಲಾದ ಕುಸ್ತಿಗಿಂತ ಇದನ್ನೇ ದೊಡ್ಡ ಕುಸ್ತಿ ಎನ್ನುತ್ತೇನೆ.

ರಾಜರು ಹೋದರು, ಅವರ ಆಶ್ರಯವೂ ಹೋಯಿತು. ಕೊನೆಯ ವರ್ಷಗಳಲ್ಲಿ ಗಾಮಾ ಅವರಿಗೆ ಕಾಯಿಲೆ ಹಿಡಿಯಿತು, ಔಷಧಿಯ ಖರ್ಚಿಗೂ ಕಷ್ಟವಾಯಿತು. ಪಾಕಿಸ್ತಾನ ಸರ್ಕಾರ ನೆರವು ಕೊಟ್ಟಿತು. ಗಡಿಯ ಈಚೆಯಿಂದ ಉದ್ಯಮಿ ಘನಶ್ಯಾಮದಾಸ ಬಿರ್ಲಾ ಅವರು ತಿಂಗಳಿಗೆ 300 ರೂಪಾಯಿ ಕಳುಹಿಸುವ ಏರ್ಪಾಟು ಮಾಡಿದರಂತೆ. ಎರಡು ದೇಶಗಳ ನಡುವೆ ಅಷ್ಟೆಲ್ಲ ಆದ ಮೇಲೂ ಒಬ್ಬ ಪೈಲ್ವಾನನ ಔಷಧಿಗೆ ಹಣ ಗಡಿ ದಾಟಿತು. ನಮ್ಮ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಇದನ್ನು ಯಾವ ಖಾತೆಗೆ ಬರೆಯಬೇಕೋ ತಿಳಿಯದು, ಆದರೆ ಬರೆಯಬೇಕಾದ ಲೆಕ್ಕ. 1960ರ ಮೇ 23ರಂದು ಗಾಮಾ ಅವರು ಲಾಹೋರಿನಲ್ಲಿ ತೀರಿಕೊಂಡರು.

ತಮ್ಮನ ಮಕ್ಕಳು

ಗಂಡುಮಕ್ಕಳು ಉಳಿಯದಿದ್ದರಿಂದ ಆ ಮನೆಯ ಕುಸ್ತಿ ತಮ್ಮ ಇಮಾಮ್ ಬಕ್ಷ್ ಅವರ ಮಕ್ಕಳಿಗೆ ಹೋಯಿತು. ಭೋಲು, ಆಝಮ್, ಅಸ್ಲಮ್, ಅಕ್ರಮ್, ಗೋಗಾ. ಭೋಲು ಸಹೋದರರು ಎಂದೇ ಅವರು ಪ್ರಸಿದ್ಧರು. ಪಾಕಿಸ್ತಾನದಲ್ಲಿ ಅವರಿಗೆ ಎದುರಿಲ್ಲದ ಹಾಗಾಯಿತು. ಆದರೆ ಗಾಮಾ ಹೆಸರಿನ ಭಾರವೂ ಅವರ ಹೆಗಲಿಗೆ ಬಂತು. 1976ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಜಪಾನಿನ ಅಂತೋನಿಯೋ ಇನೋಕಿ ಜೊತೆ ಅಕ್ರಮ್ ಕುಸ್ತಿಗೆ ಇಳಿದರು. ಇನೋಕಿ ಅವರ ತೋಳು ತಿರುಚಿಬಿಟ್ಟರು. ತುಂಬಿದ ಸ್ಟೇಡಿಯಂನಲ್ಲಿ ಗಾಮಾ ಮನೆತನ ಸೋತಿತು.

ಆ ಸೋಲು ತೀರಿಸಲು ಮನೆಯವರು ಅಸ್ಲಮ್ ಅವರ ಮಗನನ್ನು ಸಿದ್ಧಮಾಡಿದರು. ಹೆಸರು ಝುಬೇರ್, ಜನ ಕರೆಯುತ್ತಿದ್ದದ್ದು ಝಾರಾ ಎಂದು. ಹುಡುಗ ಹುಟ್ಟಿದ್ದು ಗಾಮಾ ತೀರಿಕೊಂಡ 1960ರಲ್ಲೇ. 1979ರಲ್ಲಿ ಲಾಹೋರಿನಲ್ಲಿ ಹತ್ತೊಂಬತ್ತರ ಆಸುಪಾಸಿನ ಝಾರಾ ಇನೋಕಿ ಎದುರು ನಿಂತ. ಕುಸ್ತಿ ಮುಗಿದಾಗ ಇನೋಕಿ ತಾವಾಗಿಯೇ ಹುಡುಗನ ಕೈ ಹಿಡಿದು ಮೇಲೆತ್ತಿದರು. ಜನ ಕುಣಿದರು. ಮನೆಯ ಮಾನ ಉಳಿಯಿತು. ಆದರೆ 1981ರಲ್ಲಿ ಗೋಗಾ ಒಂದು ಕುಸ್ತಿಯ ನಡುವೆಯೇ ಪ್ರಾಣ ಬಿಟ್ಟರು. 1991ರಲ್ಲಿ ಝಾರಾ ಕೂಡ ಮೂವತ್ತು ದಾಟುತ್ತಿದ್ದಂತೆ ತೀರಿಕೊಂಡರು. ಟೆಕ್ಸಾಸ್ ಆಗಲಿ ಲಾಹೋರ್ ಆಗಲಿ, ಹಿರಿಯರ ಉಳಿದ ಬಾಕಿ ಹುಡುಗರ ಮೈಮೇಲೆ ಬಿದ್ದರೆ ಅದು ಬಹಳ ಭಾರ.

ಎಣಿಸದೆ ಬಿಟ್ಟವರು

ಇಷ್ಟು ಓದಿದ ಮೇಲೆ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಗಾಮಾ ಅವರ ವಂಶ ನಿಂತುಹೋಯಿತು ಎಂದು ಕೆಲವರು ಬರೆಯುತ್ತಾರೆ. ನಿಂತಿಲ್ಲ. ನಾಲ್ವರು ಹೆಣ್ಣುಮಕ್ಕಳು ಇದ್ದರಲ್ಲ! ನಾನು ಓದಿದ ಬರಹಗಳಲ್ಲಿ ಅವರು ಬರೀ ಒಂದು ಸಂಖ್ಯೆ. ಅವರಲ್ಲೊಬ್ಬರ ಮಗಳು ಕುಲ್ಸೂಮ್. 1950ರಲ್ಲಿ ಲಾಹೋರಿನಲ್ಲಿ ಹುಟ್ಟಿ, ಉರ್ದುವಿನಲ್ಲಿ ಎಂ.ಎ. ಮಾಡಿದವರು. ಪಾಕಿಸ್ತಾನದ ಪ್ರಧಾನಿಯಾಗಿದ್ದ ನವಾಝ್ ಶರೀಫ್ ಅವರ ಹೆಂಡತಿ. 1999ರಲ್ಲಿ ಸೈನ್ಯ ಅಧಿಕಾರ ಹಿಡಿದು ಗಂಡನನ್ನು ಜೈಲಿಗೆ ಹಾಕಿದಾಗ, ಅಲ್ಲಿಯವರೆಗೆ ಮನೆಯಲ್ಲಿದ್ದ ಈಕೆ ಬೀದಿಗೆ ಬಂದರು. 2000ದ ಜುಲೈನಲ್ಲಿ ಪೊಲೀಸರು ಅವರ ಕಾರನ್ನು ಲಾಹೋರಿನಲ್ಲಿ ತಡೆದರು. ಅವರು ಒಳಗಿನಿಂದ ಬಾಗಿಲು ಹಾಕಿಕೊಂಡು ಇಳಿಯಲಿಲ್ಲ. ಕೊನೆಗೆ ಕ್ರೇನ್ ತರಿಸಿ ಅವರು ಒಳಗಿರುವಾಗಲೇ ಕಾರನ್ನು ಎತ್ತಿ ಎಳೆದುಕೊಂಡು ಹೋದರು. ಆಗಲೂ ಇಳಿಯಲಿಲ್ಲ. ಗಂಟೆಗಟ್ಟಲೆ ಹಾಗೇ ಕೂತಿದ್ದರು.

ರಾಜಕೀಯ ನನಗೆ ಬೇಡ, ಅದರ ಸರಿ ತಪ್ಪು ಬೇರೆ. ಆದರೆ ಆ ಫೋಟೋ ನೋಡಿದ ಕೂಡಲೇ ಇವರು ಯಾರ ಮೊಮ್ಮಗಳು ಎಂದು ಹೇಳಬಹುದು. ಅವರು 2018ರಲ್ಲಿ ತೀರಿಕೊಂಡರು. ತಾತನ ಗಟ್ಟಿತನ ಮಗಳ ಮೂಲಕ ಮೊಮ್ಮಗಳಿಗೆ ಬಂದಿತ್ತು. ಬೆಲ್ಟ್, ಗದೆ, ಬಿರುದುಗಳನ್ನು ಗಂಡುಮಕ್ಕಳಿಗೆಂದು ಇಟ್ಟು ಕಾಯುತ್ತಿದ್ದ ಮನೆಯಲ್ಲಿ, ಕೊಡಬೇಕಾದದ್ದನ್ನು ಯಾರೂ ಕೇಳದೆಯೇ ಹೆಣ್ಣುಮಕ್ಕಳು ತೆಗೆದುಕೊಂಡಿದ್ದರು.

ಗೆಳೆಯರೇ, ಇದನ್ನು ನಾನು ಬರೀ ಕುಸ್ತಿಯ ಕಥೆಯಾಗಿ ಓದಲಿಲ್ಲ. ನಮ್ಮ ಕಾಲೇಜಿನಲ್ಲೇ ನೋಡಿ. ತಂದೆ ಡಾಕ್ಟರ್ ಆಗಲಿಲ್ಲ ಎಂದು ಮಗ ವಿಜ್ಞಾನ ತೆಗೆದುಕೊಂಡಿರುತ್ತಾನೆ. ಅಣ್ಣ ಸಿ.ಎ. ಮುಗಿಸಲಿಲ್ಲ ಎಂದು ತಮ್ಮ ನಮ್ಮ ವಿಭಾಗಕ್ಕೆ ಬಂದಿರುತ್ತಾನೆ. ಹಿರಿಯರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಫ್ರಿಟ್ಜ್ ಅವರಿಗೂ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಭಾರ ತಡೆಯಲಾಗದೆ ಇದ್ದಾಗ ಬಾಯಿಬಿಟ್ಟು ಹೇಳಬೇಕು. ಮನೆಯಲ್ಲಿ ಹೇಳಲಾಗದಿದ್ದರೆ ಗೆಳೆಯರಿಗೆ ಹೇಳಿ, ನಮ್ಮ ಲೆಕ್ಚರರ್‌ಗಳಿಗೆ ಹೇಳಿ. ಪರೀಕ್ಷೆ ಹತ್ತಿರ ಬರುತ್ತಿದೆ, ಅದಕ್ಕೇ ಇದನ್ನು ಈ ಸಂಚಿಕೆಯಲ್ಲೇ ಬರೆಯುತ್ತಿದ್ದೇನೆ.

ನಮ್ಮ ಅಬ್ಬಾ ಅವರದು ಹಾರ್ಡ್‌ವೇರ್ ಅಂಗಡಿ. ಅದು ಅಣ್ಣನಿಗೆ ಎಂದು ಅವನು ಹುಟ್ಟಿದಾಗಲೇ ತೀರ್ಮಾನವಾಗಿದೆ. ಅವನಿಗೆ ಗಾಡಿ ರಿಪೇರಿ ಎಂದರೆ ಪ್ರಾಣ. ಅಂಗಡಿಯಲ್ಲಿ ಕೂತರೆ ಹತ್ತು ನಿಮಿಷಕ್ಕೆ ಮುಖ ಬಾಡುತ್ತದೆ. ಎರಡು ವರ್ಷದಿಂದ ಆ ಅಂಗಡಿಯ ಲೆಕ್ಕ ಬರೆಯುತ್ತಿರುವವಳು ನಾನು. ಸ್ಟಾಕ್ ಎಷ್ಟಿದೆ, ಯಾರಿಂದ ಎಷ್ಟು ಬರಬೇಕು, ಜಿ.ಎಸ್.ಟಿ. ಯಾವಾಗ ಕಟ್ಟಬೇಕು, ಎಲ್ಲ ನನಗೆ ಗೊತ್ತು. ಆ ಕೆಲಸ ನನಗೆ ಇಷ್ಟ. ನಿನಗೆ ಬೇಕಾ ಎಂದು ಯಾರೂ ಕೇಳಿಲ್ಲ, ಅಣ್ಣನಿಗೆ ಬೇಡವಾ ಎಂದೂ ಕೇಳಿಲ್ಲ.

ಅಬ್ಬಾ ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ಸಂಚಿಕೆ ಕೈಗೆ ಬಂದ ದಿನ ಅಂಗಡಿ ಮುಚ್ಚಿದ ಮೇಲೆ ಅವರ ಹತ್ತಿರ ಕೂತು ಗಾಮಾ ಪೈಲ್ವಾನರ ಕಥೆಯನ್ನು ಉರ್ದುವಿನಲ್ಲಿ ಓದಿ ಹೇಳುತ್ತೇನೆ. ಕೊನೆಯ ಈ ಎರಡು ಪ್ಯಾರಾಗಳನ್ನೂ ಬಿಡುವುದಿಲ್ಲ.